ಗಾಳಿಗೆ ಆರಿದ ಕಂದೀಲು

ನನ್ನ ಫೋನಿಗೆ ವಾರಕ್ಕೊಮ್ಮೆಯಾದರೂ ಲೋಕ ಮುಳುಗುವ ಸುದ್ದಿ ಬರುತ್ತದೆ. ಶಹಾಪುರದ ನಮ್ಮ ಓಣಿಯ ಹೆಂಗಸರ ಗುಂಪಿಗೆ ಯಾರೋ ಒಬ್ಬರು ಕಳಿಸುತ್ತಾರೆ, ಉಳಿದವರು ಕೈಮುಗಿದ ಚಿತ್ರ ಹಾಕುತ್ತಾರೆ. ಬರುವ ಅಮಾವಾಸ್ಯೆಗೆ ಸಮುದ್ರ ಉಕ್ಕುತ್ತದಂತೆ, ಮೂರು ದಿನ ಸೂರ್ಯ ಹುಟ್ಟುವುದಿಲ್ಲವಂತೆ. ಸಮುದ್ರ ಶಹಾಪುರದ ತನಕ ಬರಬೇಕಾದರೆ ಬಸ್ಸು ಹಿಡಿದೇ ಬರಬೇಕು ಎಂದು ಹಿಂದಾದರೆ ನಗುತ್ತಿದ್ದೆ. ಈಗ ನಗು ಬರುವುದಿಲ್ಲ. ಇಂಥ ಮಾತಿಗೆ ಒಮ್ಮೆ ಮನಸಾರೆ ನಕ್ಕಿದ್ದೇನೆ, ಆ ನಗು ನನ್ನನ್ನು ಇನ್ನೂ ಬಿಟ್ಟಿಲ್ಲ.

ರಾಮಸಮುದ್ರದಿಂದ ನನ್ನನ್ನು ಕೆಂಭಾವಿಯ ಹತ್ತಿರದ ಒಂದು ಹಳ್ಳಿಗೆ ಕೊಟ್ಟಾಗ ಆ ಸೀಮೆಗೆ ಕಾಲುವೆ ಬಂದು ಕೆಲವೇ ವರ್ಷವಾಗಿತ್ತು. ಗಂಡ ಯಾದಗಿರಿಯಲ್ಲಿ ಗುಮಾಸ್ತ, ಶನಿವಾರ ಬಂದು ಸೋಮವಾರ ಹೋಗುವವರು. ಮನೆಯಲ್ಲಿ ಮಾವ, ಅತ್ತೆ, ಮೈದುನ ಮತ್ತು ನಾನು. ನಾನು ಎಸ್ಸೆಸ್ಸೆಲ್ಸಿ ಪಾಸಾದವಳು. ಆ ಮನೆಯಲ್ಲಿ ಅಷ್ಟು ಓದಿದ ಹೆಂಗಸು ನಾನೊಬ್ಬಳೇ ಆದ್ದರಿಂದ ನನ್ನ ಮಾತಿಗೆ ನನ್ನ ವಯಸ್ಸಿಗಿಂತ ಹೆಚ್ಚು ತೂಕವಿತ್ತು. ಅದು ನನಗೆ ಬಹಳ ಹಿಡಿಸಿತ್ತು ಎಂಬುದನ್ನೂ ಇಲ್ಲಿ ಹೇಳಿಬಿಡಬೇಕು.

ಪ್ರತಿ ವರ್ಷ ಯುಗಾದಿಯ ಹೊತ್ತಿಗೆ ಕಾಲಜ್ಞಾನ ಹೇಳುವ ಮುದುಕನೊಬ್ಬ ಅತ್ತೆಯ ತವರೂರಿಗೆ ಬರುತ್ತಿದ್ದನಂತೆ. ಬೇಸಿಗೆಯಲ್ಲಿ ಹಳ್ಳ ಹರಿದ ವರ್ಷದಿಂದ ಲೋಕ ಮುಳುಗಲು ಶುರುವಾಗುತ್ತದೆ ಎಂದು ಅವನು ಹೇಳಿದ್ದು ಅತ್ತೆಯ ಮನಸ್ಸಿನಲ್ಲಿ ಬಾಲ್ಯದಿಂದಲೂ ಕೂತುಬಿಟ್ಟಿತ್ತು. ಶಿವರಾತ್ರಿಗೆ ಬತ್ತುತ್ತಿದ್ದ ಊರ ಹಳ್ಳ ಕಾಲುವೆ ಬಂದ ಮೇಲೆ ವೈಶಾಖದಲ್ಲೂ ಹರಿಯತೊಡಗಿತು. ಊರಿಗೆ ಊರೇ ಹಿಗ್ಗಿ ಅದರಲ್ಲಿ ಎಮ್ಮೆಗಳ ಮೈ ತೊಳೆಯಿತು, ಬಟ್ಟೆ ಒಗೆಯಿತು. ಅತ್ತೆ ಮಾತ್ರ ಆ ನೀರಿಗೆ ಕಾಲಿಡಲಿಲ್ಲ.

ನಾನು ಸುಮ್ಮನಿರಲಿಲ್ಲ. ಅದು ಮೇಲಿನ ಗದ್ದೆಗಳಿಗೆ ಬಿಟ್ಟ ಕಾಲುವೆಯ ನೀರು, ನೆಲ ಕುಡಿದು ಹೆಚ್ಚಾದದ್ದು ಕೆಳಗೆ ಬಸಿದು ಹಳ್ಳಕ್ಕೆ ಬರುತ್ತದೆ ಎಂದು ಅಂಗಳದಲ್ಲಿ ಗೆರೆ ಎಳೆದು ತೋರಿಸಿದೆ. ಮೈದುನ ಚಪ್ಪಾಳೆ ತಟ್ಟಿದ. ನನಗಿಂತ ಒಂದು ವರ್ಷ ಚಿಕ್ಕವನು, ಬಾಯಿಬಡುಕ, ಅಂದಿನಿಂದ ಊಟಕ್ಕೆ ಕೂತಾಗಲೆಲ್ಲ ಲೋಕ ಮುಳುಗುವುದರೊಳಗೆ ಇನ್ನೊಂದು ರೊಟ್ಟಿ ಹಾಕೆಂದು ತಾಯಿಯನ್ನು ಕಾಡುತ್ತಿದ್ದ. ನಾನು ಸೆರಗು ಬಾಯಿಗಿಟ್ಟು ನಗುತ್ತಿದ್ದೆ. ಅತ್ತೆ ರೊಟ್ಟಿ ಹಾಕುತ್ತಿದ್ದರು.

ಆ ವರ್ಷ ರಾಶಿಯಾದ ಮೇಲೆ ಅತ್ತೆ ಹಟ ಹಿಡಿದು ಹಗೇವು ತುಂಬಿಸಿದರು. ಹಗೇವು ಅಂದರೆ ಅಂಗಳದಲ್ಲಿ ಆಳಕ್ಕೆ ತೋಡಿದ ಜೋಳದ ಗುಂಡಿ. ಒಬ್ಬ ಮನುಷ್ಯ ಇಳಿಯುವಷ್ಟು ಬಾಯಿ, ಒಳಗೆ ಸುತ್ತಲೂ ಹುಲ್ಲು, ಮೇಲೆ ಕಲ್ಲು ಮುಚ್ಚಿ ಮಣ್ಣು ಮೆತ್ತಿದರೆ ವರ್ಷಗಟ್ಟಲೆ ಕಾಳು ಕೆಡುತ್ತಿರಲಿಲ್ಲ. ಕಾಲುವೆ ಬಂದ ಮೇಲೆ ಬರದ ಭಯ ಹೋಗಿ ಅದನ್ನು ಯಾರೂ ತುಂಬುತ್ತಿರಲಿಲ್ಲ. ಲೋಕ ಮುಳುಗುವಾಗ ಮಕ್ಕಳ ಬಾಯಿಗೆ ರೊಟ್ಟಿಯಾದರೂ ಇರಲಿ ಎನ್ನುವುದು ಅತ್ತೆಯ ಲೆಕ್ಕ. ನೆಲ ನೀರು ಕುಡಿಯುತ್ತದೆ ಎಂದು ಗೆರೆ ಎಳೆದು ಪಾಠ ಹೇಳಿದವಳು ನಾನು. ಅದೇ ನೆಲದೊಳಗೆ ಜೋಳ ಸುರಿಯುವಾಗ ಬುಟ್ಟಿಗೆ ಕೈ ಕೊಟ್ಟವಳೂ ನಾನು. ಎರಡನ್ನೂ ಕೂಡಿಸಿ ನೋಡುವಷ್ಟು ಬುದ್ಧಿ ನನಗಿರಲಿಲ್ಲ.

ಮುಂದಿನ ವರ್ಷ ಮಳೆಗಳು ತಮ್ಮ ನಕ್ಷತ್ರವನ್ನೇ ಮರೆತವು. ಮೃಗಶಿರಾ ಒಣಗಿತು, ಹಸ್ತ ಮೋಸ ಮಾಡಿತು. ಜೋಳ ಕೊಯ್ದು ಕಣಕ್ಕೆ ತಂದ ಮೇಲೆ ಯಾವ ಲೆಕ್ಕಕ್ಕೂ ಸೇರದ ಮಳೆ ಮೂರು ದಿನ ಹೊಡೆದು ತೆನೆಯೆಲ್ಲ ಕಪ್ಪಾಯಿತು. ಅದರ ಬೆನ್ನಿಗೇ ಬಿಸಿಲು. ಬೇವಿನ ಮರದ ಕೆಳಗೆ ಕಾಗೆ ಸತ್ತು ಬಿದ್ದದ್ದನ್ನು ನಾನು ಮೊದಲು ಕಂಡದ್ದು ಆ ಬೇಸಿಗೆಯಲ್ಲಿ. ಮನೆಯ ಜೋಳ ತೀರಿತು. ಹಗೇವು ತೆರೆಯೋಣ ಎಂದು ಮಾವನೇ ಅಂದಾಗ ಅತ್ತೆಯ ಮುಖದಲ್ಲಿ ಎಂದೂ ಕಾಣದ ಗೆಲುವು ಕಂಡಿತು.

ಹಗೇವು ತೆರೆದರೆ ಒಂದು ದಿನ ಬಾಯಿ ಬಿಚ್ಚಿಡಬೇಕು. ಆಮೇಲೆ ಹಗ್ಗಕ್ಕೆ ಕಂದೀಲು ಕಟ್ಟಿ ಇಳಿಸಿ, ಅದು ಉರಿಯುತ್ತಿದ್ದರೆ ಮಾತ್ರ ಮನುಷ್ಯ ಇಳಿಯಬೇಕು. ಇದು ಆ ಕಡೆ ಎಲ್ಲರಿಗೂ ಗೊತ್ತು. ಆದರೆ ಅಂದು ಮಧ್ಯಾಹ್ನ ಕಲ್ಲು ಸರಿಸುವ ಹೊತ್ತಿಗೆ ಪಶ್ಚಿಮದಲ್ಲಿ ಮೋಡ ಎದ್ದಿತು. ಗಾಳಿ ಬೀಸಿ ಅಂಗಳದ ಧೂಳೆಲ್ಲ ಮೇಲೆದ್ದಿತು. ಮೆತ್ತಿದ ಮಣ್ಣು ಒಡೆದಾಯಿತು, ಮಳೆ ಒಳಗೆ ಹೊಕ್ಕರೆ ಇದ್ದ ಜೋಳವೂ ಹೋಗುತ್ತದೆ, ಇಂದೇ ತೆಗೆಯಬೇಕು ಎಂದರು ಮಾವ. ಒಳಗಿನಿಂದ ಹುಳಿ ವಾಸನೆ ಬರುತ್ತಿತ್ತು. ನಾನು ಕಂದೀಲು ಹಚ್ಚಿ ಇಳಿಸಿದೆ. ಅರ್ಧಕ್ಕೆ ಇಳಿಯುವುದರೊಳಗೆ ಅದು ಆರಿತು.

"ಗಾಳಿಗಿ ಆರ್ಯಾದ," ಎಂದರು ಮಾವ, ಮೋಡ ನೋಡುತ್ತ.

ಅತ್ತೆ ಬೇಡವೆಂದರು. ನಾಳೆ ನೋಡೋಣ, ಜೋಳ ಹೋದರೆ ಹೋಗಲಿ ಎಂದರು. ಅವರ ಭಯಕ್ಕೆ ಆ ಮನೆಯಲ್ಲಿ ಆಗಲೇ ಬೆಲೆ ಉಳಿದಿರಲಿಲ್ಲ. ಅದನ್ನು ಕಳೆದವರು ಮೈದುನ ಮತ್ತು ನಾನು. ಮೈದುನ ಧೋತರ ಮೇಲೆ ಕಟ್ಟಿ, ನಗುತ್ತಲೇ ನನ್ನ ಕಡೆ ತಿರುಗಿದ.

"ನೀವ್ ಕಲ್ತವರು, ಹೇಳ್ರಿ ವೈನಿ. ಗಾಳಿಗಿ ಆರ್ಯಾದೋ ಏನು?"

ಆ ಕಂದೀಲಿನ ಗಾಜನ್ನು ಬೆಳಿಗ್ಗೆ ಬೂದಿ ಹಚ್ಚಿ ಒರೆಸಿದವಳು ನಾನು. ಗಾಜು ಗಟ್ಟಿಯಿತ್ತು. ಗಾಳಿ ಮೇಲೆ ಬೀಸುತ್ತಿತ್ತು, ಗುಂಡಿಯೊಳಗಲ್ಲ. ದೀಪ ಅಲುಗಾಡದೆ, ಸಣ್ಣಗಾಗುತ್ತ ಆಗುತ್ತ ಹೋದದ್ದನ್ನು ನಾನೊಬ್ಬಳೇ ಬಗ್ಗಿ ನೋಡಿದ್ದೆ. ಮಾವ ಅಂದದ್ದಕ್ಕೆ ಎದುರು ಆಡುವುದು ಹೇಗೆ ಎಂಬುದೂ ಇತ್ತು, ಅತ್ತೆಯ ಕಡೆ ಮಾತಾಡಿದಂತಾಗುತ್ತದೆ ಎಂಬುದೂ ಇತ್ತು. ಎರಡನೆಯದೇ ಹೆಚ್ಚಿತ್ತು.

"ಹೌದು, ಗಾಳಿಗೇ," ಎಂದೆ.

ಅವನು ಇಳಿದ. ಒಳಗಿನಿಂದ ಒಂದು ಮಾತೂ ಬರಲಿಲ್ಲ. ಕೂಗಿದೆವು. ಮಾವ ಇಳಿಯಹೋದರು, ಓಡಿಬಂದ ಜನ ಅವರ ರಟ್ಟೆ ಹಿಡಿದರು. ಕೌದಿಯಿಂದ ಗಾಳಿ ಹಾಕಿ, ಕೊಡಗಟ್ಟಲೆ ನೀರು ಚೆಲ್ಲಿ, ಕೊನೆಗೆ ಒಬ್ಬರು ಸೊಂಟಕ್ಕೆ ಹಗ್ಗ ಕಟ್ಟಿಕೊಂಡು ಇಳಿದು ಅವನನ್ನು ಮೇಲೆ ತಂದರು. ಮೈಗೆಲ್ಲ ಕೊಳೆತ ಜೋಳ ಅಂಟಿತ್ತು, ಉಸಿರಿರಲಿಲ್ಲ. ಬಸಿದ ನೀರು ಕೆಳಗಿನಿಂದ ಹೊಕ್ಕು ತಳದ ಜೋಳವೆಲ್ಲ ಕೊಳೆತು ವಿಷದ ಹೊಗೆ ತುಂಬಿತ್ತು ಎಂದು ಆಮೇಲೆ ತಿಳಿಯಿತು. ಮಳೆ ಬರಲೇ ಇಲ್ಲ. ನಾಲ್ಕು ಹನಿ ಉದುರಿಸಿ ಮೋಡ ಹರಿದುಹೋಯಿತು.

ಅತ್ತೆ ನನ್ನನ್ನು ಬಯ್ಯಲಿಲ್ಲ. ಬಯ್ದಿದ್ದರೆ ಎಷ್ಟೋ ಹಗುರಾಗುತ್ತಿತ್ತು. ತಿಂಗಳುಗಳ ಮೇಲೆ ಒಂದು ಸಂಜೆ ಹಳ್ಳದ ಕಡೆ ನೋಡುತ್ತ, ನನಗೋ ತಮಗೋ ಎಂಬಂತೆ ಒಂದೇ ಮಾತು ಅಂದರು.

"ಲೋಕ ಮುಳುಗೂದಂದ್ರ ನೀರಾಗ ಅಂತ ತಿಳಕೊಂಡಿದ್ದೆ."

ಅವರು ತೀರಿಕೊಂಡು ಬಹಳ ವರ್ಷವಾಯಿತು. ಶಹಾಪುರದಲ್ಲಿ ಈಗ ಏಪ್ರಿಲ್ ತಿಂಗಳಲ್ಲಿ ಬೆಳಿಗ್ಗೆ ಹನ್ನೊಂದು ಗಂಟೆಗೇ ರಸ್ತೆ ಬರಿದಾಗುತ್ತದೆ. ಬೋನಾಳದ ಕೆರೆಯ ಹಕ್ಕಿಗಳು ಬರುವ ತಿಂಗಳು ತಪ್ಪಿಸಿವೆ ಎನ್ನುತ್ತಾರೆ. ಅಮಾವಾಸ್ಯೆಗೆ ಲೋಕ ಮುಳುಗುತ್ತದೆಂದು ಹೆದರುವ ನನ್ನ ಓಣಿಯ ಜನ, ಮಧ್ಯಾಹ್ನ ಹೊರಗೆ ಹೋಗಬೇಡಿ ಎಂದು ಆಸ್ಪತ್ರೆಯವರು ಸಾರಿದರೆ ಬೇಸಿಗೆ ಅಂದಮೇಲೆ ಬಿಸಿಲು ಇರದೇ ಏನು ಎನ್ನುತ್ತಾರೆ. ಆ ಮಾತಿನ ಧಾಟಿ ನನಗೆ ಚೆನ್ನಾಗಿ ಗೊತ್ತು. ನನ್ನದೇ ಧ್ವನಿ ಕೇಳಿದಂತಾಗುತ್ತದೆ. ಹೋಗಬೇಡಿರೆಂದು ಬಾಗಿಲಿಗೆ ಬಂದು ಕೂಗುತ್ತೇನೆ. ಮುದುಕಿಗೆ ಅರಳುಮರಳು ಎಂದು ನಗುತ್ತಾರೆ.

ಅವನು ನನ್ನನ್ನು ಕೇಳಿದ್ದನ್ನೂ ನಾನು ಹೇಳಿದ್ದನ್ನೂ ಗಂಡನಿಗೆ ಇಂದಿನ ತನಕ ಹೇಳಿಲ್ಲ. ಆ ಕಂದೀಲು ನನ್ನ ಹತ್ತಿರವೇ ಇದೆ. ವರ್ಷಕ್ಕೊಮ್ಮೆ ಅಟ್ಟದಿಂದ ಇಳಿಸಿ, ಬೂದಿ ಹಚ್ಚಿ ಒರೆಸಿ, ಗಾಜಿನ ಸುತ್ತ ನಿಧಾನವಾಗಿ ಬೆರಳಾಡಿಸುತ್ತೇನೆ. ಎಲ್ಲಾದರೂ ಕೂದಲೆಳೆಯಷ್ಟು ಬಿರುಕು ಸಿಕ್ಕರೆ ಸಾಕು, ಗಾಳಿಗೇ ಆರಿತ್ತೆಂದು ನಂಬಿಕೊಳ್ಳಬಹುದು. ಇನ್ನೂ ಸಿಕ್ಕಿಲ್ಲ.