ಕರುವಿನ ಪುಸ್ತಕವನ್ನು ಮಣ್ಣು ಮಾಡಿದ್ದು

ಐದನೇ ಕ್ಲಾಸಿನಲ್ಲಿದ್ದಾಗ ನಾನೊಂದು ಪುಸ್ತಕವನ್ನು ಮಣ್ಣು ಮಾಡಿದ್ದೆ. ಸುಮ್ಮನೆ ಅಲ್ಲ, ನಿಂಬೆಹಣ್ಣು, ಕುಂಕುಮ, ಒಂದು ಹಿಡಿ ಒಲೆಬೂದಿ ಇಟ್ಟು, ಶಾಸ್ತ್ರೋಕ್ತವಾಗಿ. ನನ್ನ ದಡ್ಡತನಗಳ ಉದ್ದದ ಪಟ್ಟಿಯಲ್ಲಿ ಇವತ್ತಿಗೂ ಮೊದಲ ಸ್ಥಾನ ಇದಕ್ಕೇ.

ಆಗೆಲ್ಲ ತಮಿಳುನಾಡಿನ ಹೊಸೂರು ಕಡೆ, ಉದ್ದನಪಲ್ಲಿ ಪಕ್ಕದ ನಮ್ಮೂರ ಕನ್ನಡ ಶಾಲೆಯಲ್ಲಿ ಪುಸ್ತಕ ಅಂದರೆ ಪಾಠದ ಪುಸ್ತಕ ಒಂದೇ. ಓದಿದರೆ ನಿದ್ದೆ, ಓದದಿದ್ದರೆ ಏಟು. ಅಂಥದ್ದರಲ್ಲಿ ಒಂದು ಶುಕ್ರವಾರ ಯಾರೋ ಪುಣ್ಯಾತ್ಮರು ಕಳಿಸಿದ ಎರಡು ರಟ್ಟಿನ ಡಬ್ಬ ಬಂದವು. ಬಿಚ್ಚಿದ ಕೂಡಲೇ ಸೀಮೆಎಣ್ಣೆಗೂ ಹೊಸ ಬಟ್ಟೆಗೂ ನಡುವಿನ ಒಂದು ವಾಸನೆ.

"ಇನ್ಮೇಲೆ ಶುಕ್ರವಾರ ಕೊನೇ ಪಿರಿಯಡ್ಡು ಯಾರಿಗೆ ಯಾವ್ದು ಬೇಕೋ ತಕ್ಕಂಡು ಓದ್ಕಳ್ರಿ. ಪರೀಕ್ಷೆ ಇಲ್ಲ, ಪ್ರಶ್ನೆ ಇಲ್ಲ" ಅಂದರು ಮೇಷ್ಟ್ರು. ಪರೀಕ್ಷೆ ಇಲ್ಲದ ಓದೂ ಒಂದಿದೆ ಅಂತ ನಮಗೆ ಗೊತ್ತಾಗಿದ್ದೇ ಅವತ್ತು. ಮದುವೆ ಊಟದ ಪಂಕ್ತಿಗೆ ನುಗ್ಗುವ ಹಾಗೆ ನುಗ್ಗಿದೆವು.

ನಾಲ್ಕು ಜನರ ಕಾಲು ತುಳಿದು ನಾನು ಕಿತ್ತುಕೊಂಡಿದ್ದು ಕರುವಿನ ಚಿತ್ರದ ಪುಸ್ತಕ. ಕರುವೊಂದು ಒಂಟಿಯಾಗಿ ಕಾಲುದಾರಿಯಲ್ಲಿ ಬೆಟ್ಟದ ಕಡೆ ಹೋಗುತ್ತಿದೆ. ಬೆನ್ನಷ್ಟೇ ಕಾಣುತ್ತದೆ. ಎಷ್ಟು ಪುಟ ತಿರುವಿದರೂ ಅದು ಮುಖ ತೋರಿಸಲಿಲ್ಲ.

ಅಷ್ಟರಲ್ಲಿ ಯಾರೋ ಕರೆದರೆಂದು ಮೇಷ್ಟ್ರು ಹೊರಗೆ ಹೋದರು. ಕಿಟಕಿಗೆ ಅಡ್ಡವಾಗಿ ಹುಣಸೆಮರ ನಿಂತಿದ್ದರಿಂದ ಆ ರೂಮಿನಲ್ಲಿ ಮೂರು ಗಂಟೆಗೇ ಮಬ್ಬು. ನಾನು ಹೀರೋ ಥರ ಬೆಂಚು ಹತ್ತಿ ಜೋರಾಗಿ ಓದಲು ಹೊರಟೆ. ಆಗಲಿಲ್ಲ. ಅಕ್ಷರ ನಮ್ಮವೇ, ಆದರೆ ಯಾರೋ ಅವುಗಳ ಕತ್ತು ತಿರುಚಿದ ಹಾಗಿತ್ತು. ಗ ಇದೆ, ನ ಇದೆ, ಮ ಇದೆ. ಪರಿಚಯದ ಮುಖಕ್ಕೆ ಬೇರೆ ಯಾರದೋ ಕಣ್ಣು. ತಲಕಟ್ಟಿನ ಜಾಗದಲ್ಲಿ ಮೇಷ್ಟ್ರು ಹಾಕುವಂಥ ರೈಟ್ ಗುರುತು. ನನ್ನ ಜನ್ಮದಲ್ಲಿ ಸಿಗದಷ್ಟು ರೈಟು ಒಂದೇ ಪುಟದಲ್ಲಿ! ಹೆದರಲು ಅಷ್ಟೇ ಸಾಕಾಗಿತ್ತು.

"ನೇ... ನು... ಮ..." ಅಂತ ತಡವರಿಸಿ ನಿಂತೆ.

ಹಿಂದಿನ ಬೆಂಚಿನಿಂದ ಸಣ್ಣ ದನಿಯೊಂದು ಮುಗಿಸಿತು. "ಮಳ್ಳೀ ವಸ್ತಾನು."

ಅಂದರೆ, ನಾನು ಮತ್ತೆ ಬರ್ತೀನಿ ಅಂತ. ಅಷ್ಟು ತೆಲುಗು ನಮ್ಮೂರ ಕೋಳಿಗಳಿಗೂ ಬರುತ್ತದೆ. ನಾನು ಬೆವರಿದ್ದು ಅದಕ್ಕಲ್ಲ. ಆ ಬೆಂಚಿನಲ್ಲಿದ್ದವಳು ಯಶೋದ. ಆಂಧ್ರದ ಕುಪ್ಪಂ ಕಡೆಯಿಂದ ಸೋದರಮಾವನ ಮನೆಗೆ ಬಂದು ಸೇರಿದವಳು. ಆರು ತಿಂಗಳಿಂದ ಒಂದೇ ಒಂದು ಮಾತಾಡಿರಲಿಲ್ಲ. ಹಾಜರಿ ಕೂಗಿದರೂ ಕೈ ಎತ್ತುತ್ತಿದ್ದಳು, ಅಷ್ಟೇ. ನಾವು ಅವಳನ್ನು ಮೂಗಿ ಅಂತಲೇ ಕರೆಯುತ್ತಿದ್ದೆವು. ಈಗ ಪುಸ್ತಕ ನನ್ನ ಕೈಯಲ್ಲಿತ್ತು, ಮಾತು ಅವಳ ಬಾಯಿಂದ ಬಂದಿತ್ತು.

ಅವಳು ಎದ್ದು, ಕೈ ಚಾಚಿಕೊಂಡು ನನ್ನ ಕಡೆಗೇ ಬಂದಳು. ನಾನು ಪುಸ್ತಕದ ಸಮೇತ ಓಡಿದೆ.

"ಸುಟ್ಬುಡಾಣ್ವಾ?" ಅಂತ ಗೆಳೆಯ ಮಂಜನನ್ನು ಕೇಳಿದೆ.

"ಬ್ಯಾಡ ಕಣ್ಲಾ, ಒಳಗಿರೋ ದೆವ್ವ ಹೊಗೆ ಆಗಿ ನಿನ್ ಮೂಗೊಳಕ್ಕೇ ಹೋಗ್ಬುಟ್ರೆ? ಹೂತ್ಬುಡು. ಮೇಲೊಂದು ನಿಂಬೆಹಣ್ಣಿಕ್ಕು."

ಅವತ್ತೇ ಸಂಜೆ ಹುಣಸೆಮರದ ಬುಡದಲ್ಲಿ ಕೆಮ್ಮಣ್ಣು ತೋಡಿ ಹೂತೆವು. ಕೊನೆಯ ಹಿಡಿ ಮಣ್ಣು ಬೀಳುವಾಗಲೂ ಆ ಕರು ಬೆನ್ನು ತೋರಿಸಿಕೊಂಡು ಹೋಗುತ್ತಲೇ ಇತ್ತು. ಶನಿವಾರ, ಭಾನುವಾರ ಶಾಲೆಗೆ ರಜೆ, ನಾನು ಆ ಮರದ ಕಡೆ ತಲೆ ಹಾಕಲಿಲ್ಲ. ಅವ್ವ ಬೇರೆ, "ಇಲ್ಲಿಕ್ಕಿದ್ ನಿಂಬೆಹಣ್ಣು ಏನಾಯ್ತು, ಕಾಲ್ ಬಂದು ಹೊಂಟೋಯ್ತಾ?" ಅಂತ ಕೇಳಿದಳು. ಕಾಲು ಬಂದಿರಬಹುದು ಅನ್ನಿಸಿ ಇನ್ನೂ ನಡುಗಿದೆ.

ಸೋಮವಾರ ಶಾಲೆಯ ಜಗಲಿ ಹತ್ತುವಾಗ ಒಳಗಿಂದ ದನಿ ಕೇಳಿತು. "ನೇನು ಮಳ್ಳೀ ವಸ್ತಾನು."

ಕಿಟಕಿಯಲ್ಲಿ ಇಣುಕಿದೆ. ಯಶೋದ ಓದುತ್ತಿದ್ದಳು. ಸುತ್ತ ಒಂದನೇ ಕ್ಲಾಸಿನ ಪುಟಾಣಿಗಳು ಬಾಯಿ ತೆರೆದು ಕೂತಿದ್ದವು. ಕೈಯಲ್ಲಿ ಅದೇ ಪುಸ್ತಕ. ಅಂಚಿಗೆಲ್ಲ ಕೆಮ್ಮಣ್ಣು. ನನ್ನ ಚಡ್ಡಿಯ ಅಂದಿನ ಪರಿಸ್ಥಿತಿಯನ್ನು ಇಲ್ಲಿ ಬರೆಯುವುದಿಲ್ಲ.

ಹೂತಿದ್ದನ್ನು ಮುಚ್ಚಿಟ್ಟು, ಪುಸ್ತಕದಲ್ಲಿ ದೆವ್ವ ಇದೆ ಅಂತ ನಾನು ಬಡಬಡಿಸಿದ್ದು ಕೇಳಿ ಮೇಷ್ಟ್ರು ತಲೆಗೆ ಮೊಟಕಿದರು. "ಅದು ತೆಲುಗು ಪುಸ್ತಕ ಕಣ್ಲಾ, ದಡ್ಡ ಮುಂಡೇದೆ! ಡಬ್ಬದಾಗೆ ಬೆರ್ತು ಬಂದೈತೆ. ಅವಳ ಹಳೇ ಸ್ಕೂಲಾಗೂ ಇದೇ ಇತ್ತಂತೆ, ಬಾಯಿಪಾಠ ಆಗೈತೆ."

ತೆಲುಗು ಅಂದರೆ ನನಗೆ ಸಂತೆಯಲ್ಲಿ ಬಾಯಿಗೆ ಬರುವ ಮಾತು. ಅದಕ್ಕೂ ಅಕ್ಷರ ಇರುತ್ತದೆ ಅಂತ ಹೊಳೆದಿರಲೇ ಇಲ್ಲ.

"ಮಣ್ಣು ಹೆಂಗಾಯ್ತಮ್ಮಾ?" ಅಂತ ಮೇಷ್ಟ್ರು ಕೇಳಿದರು. ಯಶೋದ ನನ್ನ ಕಡೆ ನೋಡಿ ಸಣ್ಣಗೆ ನಕ್ಕಳು. ಎಲ್ಲಾ ಗೊತ್ತಿರುವವರ ನಗು.

ಮಂಜನನ್ನು ವಿಚಾರಿಸಿದೆ. "ನಾನಾ? ಅವತ್ತಿಂದ ಆ ಮರದ್ ಕಡೆ ಉಚ್ಚೆಗೂ ಹೋಗಿಲ್ಲ ಕಣ್ಲಾ, ನಮ್ಮವ್ವನಾಣೆ!" ಅಂದ. ಹಾಗಾದರೆ ಅವಳೇ ಕದ್ದು ನೋಡಿ ಅಗೆದುಕೊಂಡಿದ್ದಾಳೆ ಅಂತ ತೀರ್ಮಾನಿಸಿದೆ. ಮೇಷ್ಟ್ರಿಗೆ ಹೇಳಿಬಿಟ್ಟರೆ? ಆ ಹೆದರಿಕೆಗೆ ವರ್ಷವಿಡೀ ನನ್ನ ಕಡ್ಲೆಮಿಠಾಯಿಯಲ್ಲಿ ಅರ್ಧ ಅವಳಿಗೆ ಕೊಟ್ಟೆ.

ಆಮೇಲಿನ ಶುಕ್ರವಾರಗಳಲ್ಲಿ ಅವಳು ತೆಲುಗು ಓದುತ್ತಿದ್ದಳು, ನಾವು ಅದರೊಳಗೆ ನಮ್ಮ ಅಕ್ಷರ ಹುಡುಕುತ್ತಿದ್ದೆವು. ನಾವು ಕನ್ನಡ ಓದಿದರೆ ಅವಳು ನಮ್ಮ ತಪ್ಪು ಹಿಡಿಯುವಷ್ಟಾದಳು. ಕಿತ್ತಾಡಿ ಓದಿ ಓದಿ ಆ ಡಬ್ಬದ ಪುಸ್ತಕಗಳ ಮೂಲೆಗಳೆಲ್ಲ ಸವೆದು ಗುಂಡಗಾದವು. ಆ ಒಂದು ಪುಸ್ತಕ ಮಣ್ಣಲ್ಲೇ ಉಳಿದಿದ್ದರೆ ಅವಳ ಬಾಯಿ ಮತ್ತೆ ಮುಚ್ಚಿಹೋಗುತ್ತಿತ್ತು. ಈಗ ನನಗೆ ದೆವ್ವಕ್ಕಿಂತ ಹೆಚ್ಚು ಭಯ ಆ ಯೋಚನೆಗೆ.

ಹೋದ ತಿಂಗಳು ಆ ಶಾಲೆಗೆ ಹೋಗಿದ್ದೆ. ಗಾಜಿನ ಬೀರು ಬಂದಿದೆ, ಬೀಗ ಬಿದ್ದಿದೆ. ಒಳಗೆ ಫಳಫಳ ಪುಸ್ತಕಗಳು. ಒಂದರ ಮೂಲೆಯೂ ಸವೆದಿಲ್ಲ. ಕನ್ನಡ ಕ್ಲಾಸಿನಲ್ಲಿ ಉಳಿದಿರುವ ಮಕ್ಕಳಿಗೆ ಒಂದೇ ಬೆಂಚು ಸಾಕು. ಹುಣಸೆಮರ ಕಡಿದಿದ್ದಾರೆ, ರೂಮಿನ ತುಂಬ ಬೆಳಕು. ಓದುವ ದನಿ ಮಾತ್ರ ಇಲ್ಲ.

ವಾಪಸ್ಸು ಬರುವಾಗ ಹೊಸೂರು ಬಸ್ ಸ್ಟ್ಯಾಂಡಿನಲ್ಲಿ ಯಶೋದ ಸಿಕ್ಕಳು. ಈಗ ಮೂರು ಭಾಷೆಯಲ್ಲಿ ನಿಲ್ಲಿಸದೆ ಮಾತಾಡುತ್ತಾಳೆ. ಧೈರ್ಯ ಮಾಡಿ ನಿಂಬೆಹಣ್ಣಿನ ಸಮೇತ ಎಲ್ಲ ಒಪ್ಪಿಕೊಂಡು, "ಅವತ್ತು ಅದನ್ನ ಯಾವಾಗ ಅಗೆದೆ ಯಶೋದ?" ಅಂತ ಕೇಳಿದೆ.

ಅವಳ ನಗು ನಿಂತಿತು.

"ನಾನೆಲ್ಲಿ ಅಗೆದೆ? ಸೋಮವಾರ ಬಂದಾಗ ನನ್ ಬೆಂಚಿನ್ ಮೇಲೇ ಇತ್ತು. ನೀನೇ ತಂದಿಕ್ಕಿದ್ದೀಯ ಅಂತ, ಇಷ್ಟು ವರ್ಸ ನಿನ್ನ ಒಳ್ಳೇವ್ನು ಅಂದ್ಕೊಂಡಿದ್ನಲ್ಲೋ!"