ಪೆಟ್ಟಿಗೆಮ್ಮನ ಹೆಸರು

ಉಬ್ರಾಣಿಯಲ್ಲಿ ಹುಟ್ಟಿ ಚನ್ನಗಿರಿಗೆ ಸೊಸೆಯಾಗಿ ಬಂದ ಹುಲಿಗೆಮ್ಮನನ್ನು ಊರೆಲ್ಲ ಕರೆಯುತ್ತಿದ್ದುದು ಪೆಟ್ಟಿಗೆಮ್ಮ ಎಂದು. ಮೂವತ್ತಾರನೇ ಇಸವಿಯ ಪುರಸಭೆ ಚುನಾವಣೆಯ ದಿನ ಅಂಟಿಕೊಂಡ ಹೆಸರು ಅದು.

ಅಂದು ಓಟು ಹಾಕಲು ಹೋದವಳನ್ನು ಬಾಗಿಲಲ್ಲೇ ತಡೆದಿದ್ದರು. ಕಂದಾಯ ಕಟ್ಟುವ ಮನೆ ಯಾರ ಹೆಸರಲ್ಲಿದೆಯೋ ಅವರಿಗಷ್ಟೇ ಓಟು. ಮನೆ ಇದ್ದದ್ದು ಗಂಡ ಬಂಗಾರಪ್ಪನ ಹೆಸರಲ್ಲಿ.

“ಗೋಡೆ ಮೆತ್ತಿದೋಳು ನಾನು, ದಿನಾ ನೆಲ ಸಾರ್ಸೋಳು ನಾನು. ಮನೆ ಅವರದೊಬ್ಬರದೇ ಹೆಂಗಾತು?” ಎಂದಳು ಹುಲಿಗೆಮ್ಮ.

“ಸಾರ್ಸಿದ್ದಕ್ಕೆಲ್ಲ ಓಟು ಕೊಟ್ರೆ ಪೊರಕೆಗೂ ಒಂದು ಕೊಡಬೇಕಾಗ್ತೈತೆ ಕಣಮ್ಮ,” ಎಂದ ಸಾಲಿನಲ್ಲಿದ್ದ ಜುಂಜಪ್ಪ. ಗಂಡಸರು ಹೊಟ್ಟೆ ಹಿಡಿದುಕೊಂಡು ನಕ್ಕರು.

ಆ ನಗು ನಿಲ್ಲುವ ಮೊದಲೇ ಅವಳು ಒಳಗೆ ನುಗ್ಗಿದಳು. ಸೆರಗನ್ನು ಸಿಂಬೆ ಸುತ್ತಿ, ಓಟಿನ ಪೆಟ್ಟಿಗೆಯನ್ನು ಬಿಂದಿಗೆಯಂತೆ ತಲೆಯ ಮೇಲಿಟ್ಟುಕೊಂಡು, ನೀರು ತರುವವಳ ಹಾಗೆ ಪೇಟೆಯ ನಡುವೆ ನಡೆದೇಬಿಟ್ಟಳು. ಕೆರೆ ಏರಿಯ ಹತ್ತಿರ ಪೊಲೀಸರು ಹಿಡಿದರು. ಬಂಗಾರಪ್ಪನನ್ನು ಠಾಣೆಗೆ ಕರೆಸಿ, ಇವಳು ಯಾರೆಂದು ಕೇಳಿದರು.

“ನನ್ನ ಹೆಂಡ್ತಿ ಅಡುಗೆಮನೇಲಿದಾಳೆ. ಇವಳ್ಯಾರೋ ನಂಗೊತ್ತಿಲ್ರಿ.”

ಲಾಠಿಯ ಬಾಸುಂಡೆ ಮಾಯ್ದವು. ಆ ಮಾತು ಮಾಯಲಿಲ್ಲ. ಬಿಟ್ಟ ಮೇಲೆ ಅವಳು ಮನೆಗೇ ಹೋದಳು, ಮಗ ರೇವಣ್ಣ ಇನ್ನೂ ಚಿಕ್ಕವನಿದ್ದ. ಬಂಗಾರಪ್ಪ ತಲೆಯೆತ್ತದೆ, “ಸಾರಿಗಿಡು,” ಎಂದ. ಇಟ್ಟಳು. ಆದರೆ ಅಂದಿನಿಂದ ಹೊರಗೆ ಬಾಯಿ ಮುಚ್ಚಲಿಲ್ಲ. ಹೊನ್ನಾಳಿ ಸಂತೆಯಲ್ಲಿ ಗಾಡಿ ಹತ್ತಿ ನಿಂತು ಕೂಗಿದಳು. ನ್ಯಾಮತಿಯಲ್ಲಿ ಯಾರೋ ಬಿಂದಿಗೆ ತುಂಬ ಸಗಣಿ ನೀರು ಸುರಿದರೆ, “ಹೊಸ್ತಿಲಿಗೆ ಹಾಕೋದನ್ನ ನಂಗೆ ಹಾಕೀರಿ, ಶುಭವೇ ಆತು ಬಿಡ್ರಿ,” ಎಂದು ತೊಟ್ಟಿಕ್ಕುವ ಸೀರೆಯಲ್ಲೇ ಮಾತು ಮುಗಿಸಿದಳು. ಗಂಡ ಸತ್ತಾಗ, ‘ಇವಳ ಓಟಿನ ಹುಚ್ಚೇ ತಿಂದಿತು’ ಎಂದರು ನೆಂಟರು.

ಸ್ವಾತಂತ್ರ್ಯ ಬಂತು. ಇನ್ನು ಹೆಣ್ಣು ಗಂಡೆನ್ನದೆ ಎಲ್ಲರಿಗೂ ಓಟು ಎಂದು ಸುದ್ದಿಯಾಯಿತು. ಸಾಯುವ ಮೊದಲು ಒಂದೇ ಒಂದು ಸಲ ಆ ಪೆಟ್ಟಿಗೆಗೆ ಚೀಟಿ ಹಾಕಬೇಕು. ಹುಲಿಗೆಮ್ಮನಿಗೆ ಉಳಿದಿದ್ದ ಆಸೆ ಅದೊಂದೇ. ಆದರೆ ಪಟ್ಟಿ ಬರೆಯುವವರು ಮನೆಮನೆಗೆ ಬಂದಾಗ ಹೆಂಗಸರು ಸ್ವಂತ ಹೆಸರು ಹೇಳದೆ ಇಂಥವನ ಹೆಂಡತಿ, ಇಂಥವನ ತಾಯಿ ಎನ್ನುತ್ತಿದ್ದಾರೆ, ಅಂಥವರನ್ನು ಪಟ್ಟಿಗೆ ಸೇರಿಸುವುದಿಲ್ಲ ಎಂದು ಕೇಳಿದ್ದೇ ತಡ, ಅವಳು ಸೊಸೆ ಕೆಂಪಕ್ಕನ ತವರಾದ ಜಗಳೂರು ಸೀಮೆಗೆ ಹೊರಟಳು.

ಅಲ್ಲೊಂದು ಹಟ್ಟಿಯಲ್ಲಿ ಮುದುಕಿಯೊಬ್ಬಳನ್ನು ಕೇಳಿದಳು: “ನಿನ್ನ ಹೆಸರೇನವ್ವ?”

“ಯರ್ರಿಸ್ವಾಮಿ ಅವ್ವ.”

“ಅದು ಮಗನ ಹೆಸರಾತು. ನಿನ್ನ ಹೆತ್ತೋಳು ಏನಂತ ಕರೀತಿದ್ಲು?”

“ಆಕಿ ಹೋಗಿ ಯಾವ ಕಾಲಾತು ತಾಯಿ! ಕರಿಯೋರು ಯಾರವ್ರೆ?” ಮುದುಕಿ ಅತ್ತಿತ್ತ ನೋಡಿ, ಕದ್ದ ಬೆಲ್ಲ ಬಾಯಿಗಿಟ್ಟುಕೊಂಡವಳಂತೆ ನಾಚಿ, “ಕೊಲ್ಲಾಪುರಮ್ಮ,” ಎಂದಳು.

“ಗಟ್ಟಿಯಾಗಿ ಹೇಳು. ಬರಿಯೋನಿಗೆ ಕಿವಿ ಮಂದ ಇರ್ತೈತೆ.”

ಹೀಗೆ ಹಟ್ಟಿ ಹಟ್ಟಿ ಅಲೆದು, ಹೆಂಗಸರ ಬಾಯಲ್ಲಿ ಅವರವರ ಹೆಸರು ಹೊರಡಿಸಿ ಅವಳು ಚನ್ನಗಿರಿಗೆ ಮರಳಿದಳು. ಕೆಂಪಕ್ಕ ಇನ್ನೂ ಹೆಸರಿಡದ ಕೂಸಿಗೆ ಹಾಲೂಡಿಸುತ್ತ ಕೂತಿದ್ದಳು.

“ಬರಿಯೋರು ಬಂದಿದ್ರಾ?”

“ಬಂದಿದ್ರು ಅತ್ತಿ. ನೀವು ಹೇಳಿಕೊಟ್ಟಂಗೇ ಕೆಂಪಕ್ಕ ಅಂತ ಜೋರಾಗಿ ಅಂದೆ.”

“ನಂದು?”

ಕೆಂಪಕ್ಕ ಸೆರಗು ಸರಿಮಾಡಿಕೊಂಡಳು. ಅತ್ತೆಯ ಹೆಸರನ್ನು ಸೊಸೆ ನಾಲಗೆಗೆ ತರುವಂತಿಲ್ಲ. ಮದುವೆಯಾಗಿ ಬಂದಂದಿನಿಂದ ಅವಳು ಹುಲಿಯನ್ನು ಕೂಡ ಹುಲಿ ಅನ್ನದೆ ‘ದೊಡ್ಡ ನಾಯಿ’ ಅನ್ನುತ್ತಿದ್ದಳು. ಹುಲಿಗೆಮ್ಮ ಕೇಳಿ ನಗುತ್ತಿದ್ದಳೇ ಹೊರತು ಬೇಡ ಅಂದಿರಲಿಲ್ಲ. ಊರು ಕೊಡದ ಮರ್ಯಾದೆಯನ್ನು ಈ ಹುಡುಗಿಯಾದರೂ ಕೊಡುತ್ತಾಳಲ್ಲ ಎಂದು ಒಳಗೊಳಗೇ ಹಿತವಾಗುತ್ತಿತ್ತು.

“ಮನೆಯೋರು ಮಂಡಿಗೆ ಹೋಗಿದ್ರು. ನಾನು ಹೆಂಗೆ ಹೇಳ್ಲಿ ಅತ್ತಿ? ಹೊಳೆ ದಂಡೆ ದೇವಿ ಹೆಸರು ಅಂದೆ. ಗಂಗಮ್ಮನಾ ಅಂದ್ರು. ಅಲ್ಲ, ಕಾಡಾಗಿರೋ ದೊಡ್ಡ ನಾಯಿ ಅಂದೆ. ಅವರು ಬಿದ್ದು ಬಿದ್ದು ನಕ್ರು. ಪಕ್ಕದ ಗಿಡ್ಡಮ್ಮನ್ನ ಕೇಳಿದ್ರೆ ಪೆಟ್ಟಿಗೆಮ್ಮ ಅಂದ್ಲು. ಇದೂ ಒಂದು ಹೆಸರಾ ಅಂತ ‘ರೇವಣ್ಣನ ತಾಯಿ’ ಅಂತ ಬರಕೊಂಡು ಹೋದ್ರು.”

ಹುಲಿಗೆಮ್ಮ ಕಾಲು ಕೂಡ ತೊಳೆಯದೆ ಕಚೇರಿಗೆ ಓಡಿದಳು. ಹೆಸರಿಲ್ಲದ ಹೆಂಗಸರನ್ನೆಲ್ಲ ಹೊಡೆದುಹಾಕಿ ಆಗಿತ್ತು. ತಿದ್ದುವ ಗಡುವೂ ಮುಗಿದಿತ್ತು.

“ನಾನೇ ಬಂದು ನಿಂತೀನಲ್ಲಪ್ಪ. ಹುಲಿಗೆಮ್ಮ ಅಂತ. ಬರಕೋ.”

ಗುಮಾಸ್ತ ತಲೆಯೆತ್ತಿ ನೋಡಿದ. ಅವನಿಗೆ ರೇವಣ್ಣನಷ್ಟೇ ವಯಸ್ಸು. “ಈಗ ಹೇಳಿದ್ರೆ ಏನು ಬಂತಮ್ಮ? ಊರೂರು ತಿರುಗೋ ಬದ್ಲು ಮನೇಲಿರಬೇಕಿತ್ತು.”

ಅವಳು ಮೇಜಿನ ಮೇಲೆ ಕೈಯೂರಿದಳು. ಹಿಂದಿನ ಹುಲಿಗೆಮ್ಮನಾಗಿದ್ದರೆ ಆ ಮೇಜನ್ನೇ ತಲೆಯ ಮೇಲೆ ಹೊತ್ತು ಹೋಗುತ್ತಿದ್ದಳೇನೋ. ಈಗ ಸೊಂಟ ಬಗ್ಗಲಿಲ್ಲ.

ಮನೆಗೆ ಬಂದು ಕಂಬಕ್ಕೊರಗಿ ಕೂತಳು. ಕೆಂಪಕ್ಕ ನೀರು ತಂದಿಟ್ಟಳು. ಅವಳ ಕಣ್ಣು ಅತ್ತು ಕೆಂಪಾಗಿದ್ದವು.

“ತಪ್ಪಾತು ಅತ್ತಿ. ಒಂದು ಅನ್ಕೊಂಡೀನಿ. ಕೂಸಿಗೆ ನಿಮ್ಮ ಹೆಸರೇ ಇಡ್ತೀವಿ.”

“ಇಟ್ಟು ಏನಂತ ಕರೀತೀಯ?”

ಕೆಂಪಕ್ಕನ ಬಾಯಿ ತೆರೆಯಿತು. ತುಟಿ ಅಲುಗಿತು. ದನಿ ಹೊರಡಲಿಲ್ಲ.

ಹುಲಿಗೆಮ್ಮ ಕೈಚಾಚಿ ಕೂಸನ್ನು ಈಸಿಕೊಂಡಳು. ಅದರ ಒದ್ದೆ ಬಟ್ಟೆ ಬಿಚ್ಚಿ ಒಣಗಿದ್ದನ್ನು ಸುತ್ತುತ್ತ ಹೇಳಿದಳು:

“ಬ್ಯಾಡ ಮಗಾ. ನಿನ್ನ ಬಾಯಲ್ಲಿ ಬರೋ ಅಂಥ ಹೆಸರಿಡು.”