ಸುಣ್ಣ ಬಳಿದ ಕಲ್ಲು

ಸಾಕಮ್ಮಕ್ಕ, ನಿಮ್ಮ ಕಲ್ಲನ್ನು ಸರಿಸಿದವನು ನಾನೇ. ಜೆಸಿಬಿಯವನಲ್ಲ, ಬೇರೆ ಯಾರೂ ಅಲ್ಲ — ನೀವು ಬಾಯ್ತುಂಬ ‘ತಮ್ಮಾ’ ಎಂದು ಕರೆಯುವ, ನಿಮ್ಮ ಬೀದಿಯ ಟೀ ಅಂಗಡಿಯ ನಾನು.

ಹುಣಸೂರಿನ ನಮ್ಮ ಬಡಾವಣೆಯ ಬಯಲಲ್ಲಿ ಪಾರ್ಕು ಆಗಬೇಕೆಂದು ಬೀದಿಯವರೆಲ್ಲ ಸೇರಿದ್ದು ನೆನಪಿದೆಯಲ್ಲ? ಕಾಗದದ ನಕ್ಷೆ ಯಾರಿಗೂ ತಿಳಿಯದು, ಏನು ಎಲ್ಲಿ ಬೇಕೋ ಅಲ್ಲೇ ಒಂದೊಂದು ಕಲ್ಲಿಡಿ, ಸುಣ್ಣ ಬಳಿಯೋಣ ಎಂದವನೂ ನಾನೇ. ಮುಂದಾಳಲ್ಲವೇ! ಜಮೀಲಾ ಬೂಬಮ್ಮ ಬೆಂಚಿಗೆಂದು ಇಟ್ಟರು, ಮಕ್ಕಳು ಜೋಕಾಲಿಗೆಂದು ಇಟ್ಟರು. ನೀವು ಹೊಂಗೆ ಮರದ ಬುಡದಲ್ಲಿ ಇಟ್ಟಿರಿ. “ಇಲ್ಲಿ ಏನೂ ಬ್ಯಾಡ ಕಣಪ್ಪ, ಸುಮ್ಕೆ ಬುಟ್ಬುಡಿ,” ಎಂದಿರಿ. ಯಾಕೆಂದು ನನ್ನ ಕಿವಿಯಲ್ಲಿ ಮಾತ್ರ ಹೇಳಿದಿರಿ. ಆ ಬಯಲು ಇನ್ನೂ ಊರಾಚೆ ಇದ್ದ ಕಾಲದಲ್ಲಿ, ಹಾಲು ಕುಡಿಯುವ ನಿಮ್ಮ ಗಂಡುಕೂಸನ್ನು ಅಲ್ಲೇ ಮಣ್ಣು ಮಾಡಿದ್ದಿರಿ.

ಆ ಕಲ್ಲು ಅಲ್ಲೇ ಇದ್ದರೆ ಪಾರ್ಕಿನ ಗೇಟು ಆಚೆ ಬದಿಗೆ ಹೋಗುತ್ತಿತ್ತು. ಸರಿಸಿದರೆ — ನನ್ನ ಅಂಗಡಿಯ ಎದುರಿಗೇ. ಸಂಜೆ ಎಲ್ಲರೂ ಹೋದ ಮೇಲೆ ಅದನ್ನೆತ್ತಿ ಬೇಲಿಯ ಬದಿಗೆ ಇಟ್ಟೆ. ಒಂದೇ ಕೈಲಿ ಎತ್ತಬಹುದಾದ ಕಲ್ಲು. ಮರುದಿನ ಜೆಸಿಬಿ ಬಂತು, ಮರ ಹೋಯಿತು, ನೆಲ ಸಪಾಟಾಯಿತು. ಗುರುತೆಂದು ಉಳಿದದ್ದು ಆ ಕಲ್ಲೊಂದೇ. ನೀವು ಲೋಟದಲ್ಲಿ ಹಾಲು ಹಿಡಿದು ಬಂದು, ಬೇಲಿಯ ಬದಿಯ ಆ ಕಲ್ಲಿನ ಹತ್ತಿರ ನಿಂತು ಸುತ್ತಲೂ ನೋಡಿದಿರಿ. “ಇಲ್ಲೇ ಅಲ್ವೇನೋ ತಮ್ಮಾ?”

“ಇಲ್ಲೇ ಕಣಕ್ಕಾ,” ಎಂದೆ. ಕಲ್ಲು ಸರಿಸಿದ್ದು ಆಸೆಬುರುಕತನ. ಇದು — ಇದಕ್ಕೆ ಏನೆನ್ನಲಿ?

ಅಂದಿನಿಂದ ನೀವು ಅಮಾವಾಸ್ಯೆಗೊಮ್ಮೆ ಬರೀ ಮಣ್ಣಿಗೆ ಹಾಲೆರೆಯುತ್ತಿದ್ದೀರಿ. ನಿಮ್ಮ ಕೂಸು ಇರುವ ಕಡೆ, ಗೇಟಿನ ಒಳಗೇ, ಈಗ ವಾಕಿಂಗಿನ ದಾರಿ. ಅಲ್ಲಿನ ಟೈಲ್ಸು ಮಾತ್ರ ಕುಸಿಯುತ್ತದೆ — ತೊಟ್ಟಿಲಷ್ಟು ಅಗಲ. ಮಣ್ಣು ತುಂಬಿಸಿ ಮತ್ತೆ ಹಾಸಿಸಿದರೂ ಅಷ್ಟೇ. ವಾಕಿಂಗಿನವರು, ಏನೂ ಅರಿಯದವರು, ಅಲ್ಲಿಗೆ ಬಂದೊಡನೆ ಮಾತು ನಿಲ್ಲಿಸಿ ಬಳಸಿಕೊಂಡು ಹೋಗುತ್ತಾರೆ. ಕೇಳಿದರೆ, ತಾವು ಬಳಸಿ ಹೋದದ್ದೇ ಅವರಿಗೆ ಗೊತ್ತಿಲ್ಲ. “ಯಾಕ್ಲಾ ಇಲ್ಲೇ ಕುಸೀತದೆ?” ಎಂದು ಯಾರಾದರೂ ಅಂದರೆ ಕುಂಬಳಕಾಯಿ ಕಳ್ಳನಂತೆ ನಾನು ಹೆಗಲು ಮುಟ್ಟಿಕೊಳ್ಳುತ್ತೇನೆ. ನೀವು ಬಂದುಹೋದ ದಿನ ನನ್ನ ಒಲೆಯ ಮೇಲಿನ ಹಾಲು ಒಡೆಯುತ್ತದೆ — ಆಗಷ್ಟೇ ಕರೆದು ತಂದ ಹಾಲಾದರೂ ಸರಿಯೇ. ಭಯವಾಗುತ್ತದೆ ಅಕ್ಕ.

ಇಷ್ಟನ್ನೂ ಹೇಗೋ ನುಂಗಿಕೊಂಡಿದ್ದೆ. ಆದರೆ ಮೊನ್ನೆ ಅಂಗಡಿಯ ನಲ್ಲಿಯಲ್ಲಿ ಲೋಟ ತೊಳೆಯುತ್ತ ನೀವು ಅಂದಿರಲ್ಲ — “ಅವ್ನ ಅಳು ಕೇಳ್ತದೆ ಕಣೋ. ಆದ್ರೆ ಆ ಕಲ್ಲಿನ್ ತಾವಲ್ಲ, ಈ ಗೇಟಿನ್ ಕಡೆಯಿಂದ. ವಯಸ್ಸಾಯ್ತು, ಕಿವಿ ಕೆಟ್ಟದೆ, ಬುಡು.”

ಅಕ್ಕ, ನಿಮ್ಮ ಕಿವಿ ಕೆಟ್ಟಿಲ್ಲ. ನನಗೂ ಕೇಳುತ್ತದೆ.

ಮುಂದಿನ ಅಮಾವಾಸ್ಯೆಗೆ ಆ ಕಲ್ಲಿನ ಹತ್ತಿರ ಹೋಗಬೇಡಿ. ಗೇಟಿನ ಹತ್ತಿರ ಬನ್ನಿ. ಅಂಗಡಿ ಮುಚ್ಚಿ, ಬೀದಿಯವರನ್ನೆಲ್ಲ ಕರೆದು ಇದನ್ನೇ ಹೇಳಿ, ಟೈಲ್ಸು ಕಿತ್ತಿಟ್ಟು ನಿಂತಿರುತ್ತೇನೆ. ಕ್ಷಮಿಸಿ ಎಂದು ಕೇಳುವುದಿಲ್ಲ. ಹಾಲು ಎಲ್ಲಿ ಎರೆಯಬೇಕೆಂದು ನಾನು ತೋರಿಸಬೇಕಾಗಿಯೂ ಇಲ್ಲ — ನಿಮಗೆ ಕೇಳಿಸುತ್ತದೆ.